ಎದೆಯ ಮೇಲಿನ ಕಂಕಣ

ಆ ಮನೆಗೆ ನಾನು ಮೊದಲು ಕಾಲಿಟ್ಟಾಗ ಹನುಮೇಶ ಹೆಂಡತಿಯನ್ನು ಹೊಡೆಯುತ್ತಿದ್ದ. ಕದ್ದುಮುಚ್ಚಿ ಅಲ್ಲ. ಅಂಗಳದ ನಡುವೆ, ಬೆಳಗಿನ ಬಿಸಿಲಿನಲ್ಲಿ, ದಿನಗೂಲಿ ಕೆಲಸ ಮಾಡುವವನಷ್ಟೇ ನಿರಾಳವಾಗಿ ಹೊಡೆಯುತ್ತಿದ್ದ. ಅವಳ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಬಲಗೈಯಿಂದ ಬೆನ್ನು, ಭುಜ, ಕುತ್ತಿಗೆ ಎಂದು ನೋಡದೆ ಸಿಕ್ಕಲ್ಲಿ ಗುದ್ದುತ್ತಿದ್ದ. ಅವಳು ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು. ಎದುರು ಮನೆಯ ಜಗುಲಿಯಲ್ಲಿ ನಾಲ್ಕೈದು ಗಂಡಸರು ಬೀಡಿ ಸೇದುತ್ತ ಕೂತಿದ್ದರು.

"ಏನ್ರಿ, ನೋಡ್ತಾ ಕುಂತಿದೀರಲ್ಲ, ಬಿಡಿಸ್ರಿ" ಎಂದೆ.

"ಗಂಡ ಹೆಂಡ್ತಿ ವಿಚಾರ ಮೇಡಂ, ನಾವ್ಯಾಕೆ ನಡುವೆ ಹೋಗಾಣ" ಎಂದ ಅವರಲ್ಲೊಬ್ಬ.

ನನ್ನ ಹೆಸರು ಚೌಡೇಶ್ವರಿ, ಊರು ಹೊಸದುರ್ಗ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಗಲ ಚೀಲ ಕೆಳಗಿಟ್ಟು ನಾನೇ ನಡುವೆ ಹೋದೆ. ಅವನು ನನ್ನ ಮುಖವನ್ನೂ ನೋಡದೆ ಮೊಣಕೈಯಿಂದ ಒಂದು ಕೊಟ್ಟ. ಹೋಗಿ ಕಾಯಿ ಸಿಪ್ಪೆಯ ರಾಶಿಯ ಮೇಲೆ ಬಿದ್ದೆ, ತುಟಿ ಒಡೆಯಿತು. ನನ್ನ ಗಲ್ಲದ ಮೇಲೆ ರಕ್ತ ಇಳಿಯುವುದನ್ನು ಕಂಡ ಮೇಲೆ, ಇವಳು ಹೊರಗಿನವಳು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವಳು ಎಂಬುದು ಅವನ ತಲೆಗೆ ಹೋಗಿರಬೇಕು. ಜಡೆ ಬಿಟ್ಟ. ಲುಂಗಿ ಎತ್ತಿ ಕಟ್ಟಿಕೊಂಡು, ಏನೂ ಆಗಿಲ್ಲವೆಂಬಂತೆ, ತೆಂಗಿನ ಮಂಡಿಗೆ ಕಾಯಿ ಸುಲಿಯಲು ಹೊರಟುಹೋದ.

ನಾನು ಅಲ್ಲಿಗೆ ಹೋದದ್ದು ಹೃದಯದ ವಿಚಾರಕ್ಕೆ. ಬೆಂಗಳೂರಿನ ಒಂದು ಸಂಸ್ಥೆಯವರು ಹಳ್ಳಿಯ ಜನರ ಹೃದಯ ಹೇಗಿದೆ ಎಂದು ಅಧ್ಯಯನ ಮಾಡುತ್ತಿದ್ದಾರೆ. ಕಾಯಿಲೆ ಇಲ್ಲದವರೇ ತಾವಾಗಿ ಮುಂದೆ ಬರಬೇಕು. ಅವರ ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಅಂಟಿಸುತ್ತೇವೆ. ಎರಡು ವಾರ ಅದು ಗುಂಡಿಗೆಯ ಬಡಿತವನ್ನು ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ನಾವೇ ಹೋಗಿ ತೆಗೆಯುತ್ತೇವೆ. ಜವನಗೊಂಡನಹಳ್ಳಿಯ ಸುತ್ತಲಿನ ಹಟ್ಟಿಗಳಲ್ಲಿ ಜನರನ್ನು ಒಪ್ಪಿಸಿ ಯಂತ್ರ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಅಲ್ಲೆಲ್ಲ ನನ್ನನ್ನು ಗುಂಡಿಗೆ ಮೇಡಂ ಎನ್ನುತ್ತಾರೆ. ಹೆಂಗಸರು ಹೇಗೋ ಒಪ್ಪುತ್ತಿದ್ದರು. ಗಂಡಸರು ಮಾತ್ರ ಒಬ್ಬನೂ ಅಂಗಿಯ ಗುಂಡಿ ಬಿಚ್ಚಲು ಸಿದ್ಧನಿರಲಿಲ್ಲ. "ನಮ್ಗೇನಾಗೈತೆ ಮೇಡಂ, ಕಲ್ಲಿದ್ದಂಗೆ ಇದೀವಿ" ಎಂದು ಎದೆ ತಟ್ಟಿಕೊಂಡು ಹೋಗಿಬಿಡುತ್ತಿದ್ದರು. ಕಲ್ಲುಗಳನ್ನು ಅಧ್ಯಯನ ಮಾಡುವ ಇಲಾಖೆ ಬೇರೆ ಇದೆ ಎಂದು ಒಂದೆರಡು ಸಲ ಹೇಳಿಯೂ ಬಿಟ್ಟಿದ್ದೆ.

ಅವತ್ತು ನಾನು ತುಟಿ ಒರೆಸಿಕೊಳ್ಳುತ್ತ ಎದ್ದಾಗ ಆ ಹೆಂಗಸು ನೀರಿನ ಚೊಂಬು ತಂದುಕೊಟ್ಟಳು. ಹೆಸರು ಶಾಂತಿ. ಮೂವತ್ತು ಇರಬಹುದು. ಚೀಲದಲ್ಲಿ ಏನಿದೆ ಎಂದು ಕೇಳಿದಳು. ಹೇಳಿದೆ.

"ನಂಗೆ ಹಾಕ್ರಿ ಅಕ್ಕ" ಎಂದಳು. "ಇವ್ನ ಬೈಕ್ ಸದ್ದು ಕೇಳಿದ್ರೆ ಸಾಕು, ಎದೆ ಬಾಯಿಗೆ ಬರ್ತೈತೆ. ಅದು ಕಾಯ್ಲೆನೋ, ಬರೀ ಹೆದ್ರಿಕೆನೋ ಗೊತ್ತಾಗ್ಲಿ."

ಒಳಮನೆಯಲ್ಲಿ ಕೂರಿಸಿ ಕುಪ್ಪಸದ ಗುಂಡಿ ಬಿಚ್ಚಿಸಿದೆ. ಗಾಯದ ಮೇಲೆ ಯಂತ್ರ ಅಂಟಿಸುವಂತಿಲ್ಲ ಎಂಬುದು ನಿಯಮ. ಎಡ ಎದೆಯ ಮೇಲ್ಭಾಗದಲ್ಲಿ ಹಳೆಯ ಏಟು ಹಳದಿ ತಿರುಗಿತ್ತು. ಅದರ ಪಕ್ಕದ್ದು ನೀಲಿ. ಇವತ್ತಿನದು ಇನ್ನೂ ಕೆಂಪಗೆ ಊದಿಕೊಳ್ಳುತ್ತಿತ್ತು. ಸಿಗರೇಟಿನಿಂದ ಸುಟ್ಟ ಕಲೆಗಳೂ ಇದ್ದವು. ನಾಲ್ಕು ಬೆರಳು ಅಗಲದ ಒಳ್ಳೆಯ ಚರ್ಮ ಹುಡುಕುವುದೇ ಕಷ್ಟವಾಯಿತು. ಏನಾಯಿತೆಂದು ನಾನು ಕೇಳಲಿಲ್ಲ, ಕಣ್ಣಾರೆ ನೋಡಿದ್ದೆನಲ್ಲ.

ಯಂತ್ರ ಅಂಟಿಸಿ ಒತ್ತಿ ಹಿಡಿದಿದ್ದಾಗ ಅವಳ ಅತ್ತೆ ಓಬಮ್ಮ ಬಾಗಿಲಿಗೆ ಬಂದಳು. ಹನುಮೇಶನ ಹೆತ್ತ ತಾಯಿ. ಎಡಗಿವಿ ಕೇಳುವುದಿಲ್ಲ. ಗಂಡ ಬದುಕಿದ್ದಾಗ ಕಪಾಳಕ್ಕೆ ಹೊಡೆದು ಹೊಡೆದು ಆ ಕಿವಿ ಹೋಗಿತ್ತು. ಸೊಸೆಯ ಎದೆಯನ್ನೂ ಅದರ ಮೇಲಿನ ಯಂತ್ರವನ್ನೂ ಬಹಳ ಹೊತ್ತು ನೋಡಿದಳು.

"ಇದನ್ನ ಕಟ್ಟಿದೋರು ಯಾರು?"

"ನಾನೇ ಅಮ್ಮ."

"ಬಿಚ್ಚೋರು?"

"ನಾನೇ ಬಂದು ಬಿಚ್ಬೇಕು."

"ಅಲ್ಲಿವರ್ಗೂ?"

"ಕೀಳಂಗಿಲ್ಲ, ಎಳೆಯಂಗಿಲ್ಲ, ಏಟು ಬೀಳಂಗಿಲ್ಲ. ಬಿದ್ರೆ ಕೆಡುತ್ತೆ."

"ಹಂಗಾದ್ರೆ ಇದು ಕಂಕಣ" ಎಂದಳು ಮುದುಕಿ. ದೇವರ ಗೂಡಿನಿಂದ ಅರಿಶಿನ ತಂದು ಯಂತ್ರಕ್ಕೆ ಬಳಿದಳು. ನಾನು ಬೇಡವೆನ್ನಲಿಲ್ಲ.

ಆ ಹಟ್ಟಿಯಲ್ಲಿ ಕಂಕಣವೆಂದರೆ ಹುಡುಗಾಟವಲ್ಲ. ವರ್ಷಕ್ಕೊಮ್ಮೆ ದೇವರ ಪೆಟ್ಟಿಗೆಯನ್ನು ಹೊತ್ತು ಹೊಳೆಗೆ ಹೋಗುವ ಗಂಡಸರ ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟುತ್ತಾರೆ. ದಾರ ಇರುವಷ್ಟು ದಿನ ಅವರ ಮೈಮೇಲೆ ಯಾರೂ ಕೈ ಮಾಡುವಂತಿಲ್ಲ, ಅವರೂ ಯಾರ ಮೇಲೂ ಕೈ ಎತ್ತುವಂತಿಲ್ಲ. ಕಟ್ಟಿದವರೇ ಬಿಚ್ಚಬೇಕು. ಮೀರಿದವರ ಕೈ ಬಿದ್ದುಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನಂಬದವರಿಗೆ ಚಿತ್ರಲಿಂಗಪ್ಪನನ್ನು ತೋರಿಸುತ್ತಾರೆ. ಅವನು ಕಂಕಣದಲ್ಲಿದ್ದಾಗ ತಮ್ಮನಿಗೆ ಹೊಡೆದನಂತೆ, ಬಲಗೈ ಅವತ್ತಿನಿಂದ ಜೋತುಬಿದ್ದಿದೆ. ರಕ್ತದ ಒತ್ತಡ ಏರಿ ಲಕ್ವ ಹೊಡೆದರೆ ಕೈ ಹೀಗೇ ಆಗುತ್ತದೆ ಎಂದು ತಿಳಿಹೇಳುವುದಕ್ಕೇ ನನಗೆ ತರಬೇತಿ ಕೊಟ್ಟಿದ್ದರು. ಆ ಹಟ್ಟಿಯಲ್ಲಿ ಮಾತ್ರ ನಾನು ಆ ವಿಷಯಕ್ಕೆ ಬಾಯಿ ಬಿಡಲಿಲ್ಲ.

ಹನುಮೇಶ ಪ್ರತಿ ವರ್ಷ ಪೆಟ್ಟಿಗೆ ಹೊರುವವನು. ಶಾಂತಿ ಏಟು ತಿನ್ನದ ದಿನಗಳೆಂದರೆ ವರ್ಷದಲ್ಲಿ ಅವಷ್ಟೇ. ಹೆಂಗಸೊಬ್ಬಳಿಗೆ ಕಂಕಣ ಕಟ್ಟಿದ್ದನ್ನು ಮಾತ್ರ ಅಲ್ಲಿ ಯಾರೂ ಕಂಡಿರಲಿಲ್ಲ.

ಸಂಜೆ ಅವನು ಬಂದ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ಎಸೆದು ಅವಳ ಜಡೆಗೆ ಕೈ ಹಾಕಿದನಂತೆ. ಓಬಮ್ಮ ನಡುವೆ ಬಂದು ಸೊಸೆಯ ಸೆರಗು ಸರಿಸಿ ತೋರಿಸಿದಳು. "ಕಂಕಣ ಐತೆ. ಹೊಡಿ ನೋಡಾಣ." ಅವನ ಕೈ ಅಲ್ಲೇ ನಿಂತಿತು. ಮರುದಿನ ಇದನ್ನು ನನಗೆ ಹೇಳುವಾಗ ಶಾಂತಿ ನಕ್ಕಳು. ಅವಳ ಕೆಳಹಲ್ಲೊಂದು ಇಲ್ಲವೆಂಬುದು ನನಗೆ ಗೊತ್ತಾದದ್ದು ಆಗ.

ಕೈ ನಿಂತಿತು ಎಂದರೆ ಸಿಟ್ಟು ನಿಂತಿತು ಎಂದಲ್ಲ. ಮೊದಲ ವಾರ ಆ ಮನೆಯಲ್ಲಿ ಉಸಿರಿಲ್ಲದ ಯಾವ ವಸ್ತುವೂ ಉಳಿಯಲಿಲ್ಲ. ನೀರಿನ ಡ್ರಮ್ಮನ್ನು ಒದ್ದು ಒಡೆದ. ಟಿವಿಯನ್ನು ಎತ್ತಿ ಅಂಗಳಕ್ಕೆ ಎಸೆದ. ಕಾಯಿ ತುಂಬಿ ನಿಂತಿದ್ದ ನುಗ್ಗೆ ಮರವನ್ನು ಬುಡಕ್ಕೆ ಕಡಿದು ಹಾಕಿದ. ಉಸಿರಿದ್ದವೂ ತಪ್ಪಿಸಿಕೊಳ್ಳಲಿಲ್ಲ. ಕಾಲಿಗೆ ಅಡ್ಡ ಬಂದ ನಾಯಿಯ ಸೊಂಟ ಮುರಿದ. ಅದು ಮೂರು ದಿನ ಹಿತ್ತಲಲ್ಲಿ ಕುಂಯ್‌ಗುಟ್ಟಿ ಸತ್ತಿತು.

ಮಂಡಿಯಲ್ಲಿ ಜೊತೆಗೆ ಕಾಯಿ ಸುಲಿಯುವ ರಂಗೇಶ ಸುಮ್ಮನಿರಲಾರದೆ ಒಂದು ಮಾತು ಕೆಣಕಿದ. "ಏನಪ್ಪ, ಹೆಂಡ್ತಿ ಎದೆಗೆ ಮಿಷನ್ನು ಕಟ್ಟಿದ್ಮೇಲೆ ಹುಲಿ ಹುಲ್ಲು ತಿಂತೈತಂತೆ?" ಹನುಮೇಶ ಕೈಯಲ್ಲಿದ್ದ ಸುಲಿದ ಕಾಯಿಯನ್ನೇ ಅವನ ಬಾಯಿಗೆ ಅಪ್ಪಳಿಸಿದ. ರಂಗೇಶನ ಮುಂದಿನ ಹಲ್ಲುಗಳು ಉದುರಿ ಸಿಪ್ಪೆಯ ನಡುವೆ ಬಿದ್ದವು. ಮಂಡಿಯವರು ಹನುಮೇಶನನ್ನು ಕೆಲಸದಿಂದ ಓಡಿಸಿದರು. ಅವನು ಮನೆಗೆ ಬಂದು, ಶಾಂತಿಯ ಎದುರು ಕಲ್ಲಿಟ್ಟುಕೊಂಡು ಮಚ್ಚು ಮಸೆಯುತ್ತ ಕೂತ. "ಎಲ್ಲಾ ನಿನ್ ತಲೆ ಮ್ಯಾಲೆ ಬರಿತಾ ಇದೀನಿ. ಬಿಚ್ಚೋ ದಿನ ಬರ್ಲಿ" ಎಂದ.

ಬಿಚ್ಚುವ ದಿನ ಇವನು ಅವಳನ್ನು ಕೊಲ್ಲುತ್ತಾನೆ ಎಂದು ಹಟ್ಟಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಮಳೆ ಬರುತ್ತದೆ ಎನ್ನುವವರ ಧಾಟಿಯಲ್ಲೇ ಅದನ್ನೂ ಹೇಳುತ್ತಿದ್ದರು. ಒಬ್ಬರಿಗೂ ತಡೆಯಬೇಕು ಅನ್ನಿಸಲಿಲ್ಲ. ನನಗೆ ಅವರೆಲ್ಲರ ಮುಖಕ್ಕೂ ಉಗಿಯಬೇಕೆನಿಸುತ್ತಿತ್ತು.

ಶಾಂತಿ ಮಾತ್ರ ದಿನದಿಂದ ದಿನಕ್ಕೆ ಬೇರೆಯಾಗುತ್ತಿದ್ದಳು. ಏಟಿಲ್ಲದೆ ನಿದ್ದೆ ಬರುತ್ತಿತ್ತು. ಕಣ್ಣ ಕೆಳಗಿನ ಊತ ಇಳಿಯಿತು. ಹಸಿವಾದಾಗ ಅವನಿಗೆ ಕಾಯದೆ ಉಣ್ಣತೊಡಗಿದಳು. ನೀರು ಕೊಡು ಎಂದರೆ "ಅಲ್ಲೈತೆ, ತಗಂಡು ಕುಡಿ" ಎಂದಳಂತೆ. ನಾಯಿ ಸತ್ತ ದಿನ ಅದನ್ನು ಹೂಳಿ ಬಂದವಳೇ, ಜಗುಲಿಯಲ್ಲಿ ಕಾಲು ಚಾಚಿಕೊಂಡಿದ್ದ ಅವನ ಮೇಲೆ ಹಾರೆ ಎತ್ತಿದಳು. ಓಬಮ್ಮ ಓಡಿಬಂದು ಅವಳ ಕೈ ಹಿಡಿದಳು. "ನೀನೂ ಎತ್ತಂಗಿಲ್ಲ ಮಗ. ಕಂಕಣ ಅಂದ್ರೆ ಇಬ್ರಿಗೂ ಒಂದೇ." ಶಾಂತಿ ಹಾರೆಯನ್ನು ಕೆಳಗಿಟ್ಟಳು. ಇದನ್ನೆಲ್ಲ ನನಗೆ ಹೇಳುವಾಗ ಅವಳು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಎರಡನೇ ವಾರ ಮುಗಿಯುತ್ತ ಬಂದಾಗ ನಾನು ಸಂಸ್ಥೆಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ನಮ್ಮ ಅಧ್ಯಯನದ ಡಾಕ್ಟರು ಚೇತನ್‌ಕುಮಾರ್. ಒಳ್ಳೆಯ ಮನುಷ್ಯ, ಆದರೆ ಅವರ ಪ್ರಪಂಚದಲ್ಲಿ ಎಲ್ಲಕ್ಕೂ ಒಂದು ಫೋನ್ ನಂಬರ್ ಇರುತ್ತದೆ. ಇವಳ ಯಂತ್ರವನ್ನು ಇನ್ನೂ ಒಂದು ತಿಂಗಳು ಬಿಡೋಣ ಸಾರ್ ಎಂದು ಕೇಳಿದೆ. ಬ್ಯಾಟರಿ ಮುಗಿದಿರುತ್ತದೆ, ಚರ್ಮ ಕೆಡುತ್ತದೆ, ನಿಯಮದಲ್ಲಿ ಇಲ್ಲ ಎಂದರು. ಕಾರಣ ಹೇಳಿದ ಮೇಲೆ ಮಹಿಳಾ ಸಹಾಯವಾಣಿಯ ನಂಬರ್ ಕಳಿಸಿದರು. ಆ ನಂಬರಿಗೆ ಮಾಡಿದೆ. ದೂರು ಕೊಡಬೇಕಾದವರು ಅವರೇ ಮಾತಾಡಲಿ ಎಂದರು. ಶಾಂತಿಯ ಕೈಗೆ ಫೋನ್ ಕೊಟ್ಟರೆ ಅವಳು ಕಟ್ ಮಾಡಿ ಹಿಂತಿರುಗಿಸಿದಳು. "ಅವ್ರು ಬಂದು ಬುದ್ಧಿ ಹೇಳಿ ಹೋಗ್ತಾರೆ. ಅವ್ರು ಹೋದ್ಮೇಲೆ ಇರೋಳು ನಾನು."

ಆದಿವಾಲದಲ್ಲಿದ್ದ ಅವಳ ಅಪ್ಪನ ಹತ್ತಿರ ಹೋದೆ. ಮಾರಪ್ಪ ಎಂದು ಹೆಸರು. ಮರದ ಕೆಳಗೆ ಈರುಳ್ಳಿ ಆರಿಸುತ್ತಿದ್ದ. ನಿಮ್ಮ ಮಗಳು ಸಾಯುತ್ತಾಳೆ, ಕರೆದುಕೊಂಡು ಬನ್ನಿ ಎಂದೆ.

"ಹೊಂದ್ಕಂಡು ಹೋಗ್ಬೇಕು ಮೇಡಂ. ನಾನೂ ಇವ್ಳವ್ವಂಗೆ ಒಂದೆರಡು ಹಾಕ್ತಿದ್ದೆ. ಸತ್ತಳಾ?" ಎಂದು ಕೊಳೆತ ಈರುಳ್ಳಿಯೊಂದನ್ನು ಆಚೆ ಎಸೆದ.

ಅವನಿಗೆ ನಾನು ಏನೇನು ಅಂದೆ ಎಂದು ಇಲ್ಲಿ ಬರೆಯುವಂತಿಲ್ಲ. ಗಾಡಿ ತಿರುಗಿಸಿಕೊಂಡು ನೇರ ಶಾಂತಿಯ ಹತ್ತಿರ ಬಂದು, ಹೊಸದುರ್ಗಕ್ಕೆ ನಮ್ಮ ಮನೆಗೆ ಬಂದುಬಿಡು ಎಂದೆ.

"ಬರ್ತೀನಿ ಅಂತಿಟ್ಕಳ್ರಿ. ಅವ್ನೂ ಬರ್ತಾನೆ. ನಿಮ್ಮವ್ವನ್ನೂ ಸೇರ್ಸಿ ಹೊಡಿತಾನೆ. ಅದ್ಯಾಕೆ?" ಎಂದು ನನ್ನ ಭುಜ ತಟ್ಟಿದಳು. "ಬಿಚ್ಚೋ ದಿನ ನೀವೇ ಬರ್ರಿ. ಬ್ಯಾರೆಯೋರ್ನ ಕಳಿಸ್ಬ್ಯಾಡ್ರಿ."

ಆ ದಿನ ನಾನು ಹೋದಾಗ ಬೀದಿಯಲ್ಲಿ ಜನ ಸೇರಿದ್ದರು. ಬೀಡಿ ಸೇದುವ ಗಂಡಸರು ಜಗುಲಿಯ ಮುಂದಿನ ಜಾಗ ಹಿಡಿದು ಕೂತಿದ್ದರು. ಹನುಮೇಶ ಅಂಗಳದ ಬಾಗಿಲ ಪಕ್ಕ ನಿಂತಿದ್ದ. ಸ್ನಾನ ಮಾಡಿ, ಗಡ್ಡ ಹೆರೆದುಕೊಂಡು, ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಮಚ್ಚು ಇತ್ತು. ಅಂಗಳದ ನಡುವೆ ಶಾಂತಿ ಮಣೆಯ ಮೇಲೆ ಕೂತಿದ್ದಳು. ಓಬಮ್ಮ ಗೋಡೆಗೆ ಒರಗಿದ್ದಳು.

"ಬರ್ರಿ ಮೇಡಂ, ಕುಂತ್ಕಳ್ರಿ" ಎಂದ ಹನುಮೇಶ, ಬಹಳ ಮರ್ಯಾದೆಯಿಂದ. "ಟೈಮಾತು. ಬಿಚ್ರಿ."

"ಇವತ್ತು ಬಿಚ್ಚಲ್ಲ. ಇನ್ನೂ ಒಂದು ವಾರ ಇರ್ಬೇಕು ಅಂತ ಡಾಕ್ಟ್ರು ಹೇಳಿದಾರೆ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಏರುತ್ತದೆ. ಅವನಿಗೆ ಅದು ಗೊತ್ತಾಯಿತು.

ಬೀದಿಗೆ ಹೋಗಿ ನನ್ನ ಸ್ಕೂಟರಿನ ಸೀಟಿಗೆ ಮಚ್ಚು ಬೀಸಿದ. ಸೀಟು ಬಾಯಿಬಿಟ್ಟು ಒಳಗಿನ ಸ್ಪಂಜು ಹೊರಬಂತು. ಜನ ಸ್ವಲ್ಪ ಹಿಂದೆ ಸರಿದರು, ಹೋಗಲಿಲ್ಲ. ವಾಪಸು ಬಂದವನು ನನ್ನ ಕೊರಳಲ್ಲಿದ್ದ ಗುರುತಿನ ಚೀಟಿಯ ದಾರವನ್ನು ಹಿಡಿದು ಒಂದು ಸುತ್ತು ತಿರುವಿದ, ಇನ್ನೊಂದು ಸುತ್ತು ತಿರುವಿದ. ದಾರ ಗಂಟಲಿಗೆ ಕಚ್ಚಿತು. ಅವನ ಮುಖ ನನ್ನ ಮುಖದ ಹತ್ತಿರವಿತ್ತು, ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

"ನಿನ್ ಮ್ಯಾಲೇನೂ ಕಂಕಣ ಇಲ್ವಲ್ಲ ಮೇಡಮ್ಮ" ಎಂದ.

ನನ್ನ ಕಾಲು ನೆಲ ಬಿಟ್ಟಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಇಷ್ಟು ಜನರ ಎದುರು ಸಾಯುತ್ತೇನೆ, ಇವರಲ್ಲಿ ಒಬ್ಬನೂ ಏಳುವುದಿಲ್ಲ ಎಂದು ನಿಚ್ಚಳವಾಗಿ ಹೊಳೆಯಿತು. ಹೆದರಿಕೆಗಿಂತ ಹೆಚ್ಚಾಗಿ ಅವಮಾನವಾಯಿತು.

"ಬಿಡು ಅವ್ರನ್ನ" ಎಂದಳು ಶಾಂತಿ. ದನಿ ಎತ್ತರಿಸಿರಲಿಲ್ಲ. "ಅಕ್ಕ, ಬಿಚ್ರಿ."

ಅವನು ದಾರ ಬಿಟ್ಟ. ನಾನು ನೆಲಕ್ಕೆ ಕುಸಿದು ಕೆಮ್ಮಿದೆ. ತೆವಳಿಕೊಂಡೇ ಅವಳ ಹತ್ತಿರ ಹೋಗಿ ಕಿವಿಯಲ್ಲಿ, ಬೇಡ ಶಾಂತಿ, ನಾನು ತೆಗೆಯಲ್ಲ ಎಂದೆ. ಅವಳು ನನ್ನ ಕೈಯನ್ನು ತಾನೇ ಎತ್ತಿ ತನ್ನ ಎದೆಯ ಮೇಲಿಟ್ಟುಕೊಂಡಳು.

"ಇದಿರೋವರ್ಗೂ ನನ್ ಕೈ ಕಟ್ಟಾಕೈತೆ ಅಕ್ಕ. ಬಿಚ್ರಿ."

ಆಗಲೂ ನನಗೆ ತಿಳಿಯಲಿಲ್ಲ. ಸತ್ತರೆ ಸಾಯುತ್ತೇನೆ, ಬೇಗ ಮುಗಿಯಲಿ ಎನ್ನುತ್ತಿದ್ದಾಳೆ ಎಂದುಕೊಂಡೆ. ಅಳುತ್ತ ಎಣ್ಣೆ ಹಚ್ಚಿದೆ. ಅಂಟು ಒಂದೊಂದೇ ಎಳೆಯಾಗಿ ಚರ್ಮ ಬಿಡುತ್ತಿತ್ತು. ಯಂತ್ರ ಕೈಗೆ ಬಂದಾಗ ಅಲ್ಲಿ ಬೆಳ್ಳಗಿನ ಒಂದು ಚೌಕ ಉಳಿಯಿತು. ಅದರ ಸುತ್ತಲಿನ ಹಳೆಯ ಕಲೆಗಳೂ ಈಗ ಮಾಸಿದ್ದವು.

ಹನುಮೇಶ ಬೀದಿಯ ಜನರನ್ನೊಮ್ಮೆ ನೋಡಿದ. "ಇನ್ನು ಮನೆ ವಿಚಾರ" ಎಂದು ಅಂಗಳದ ತಗಡಿನ ಬಾಗಿಲನ್ನು ಎಳೆದುಕೊಂಡ. ಅದರ ಅಗುಳಿ ಬಿಗಿ. ಎರಡೂ ಕೈ ಹಾಕಿ ಒತ್ತದಿದ್ದರೆ ಕೂರುವುದಿಲ್ಲ. ಮಚ್ಚನ್ನು ಗೋಡೆಗೆ ಒರಗಿಸಿ, ನಮಗೆ ಬೆನ್ನು ಹಾಕಿ ಅಗುಳಿ ಒತ್ತತೊಡಗಿದ.

ಶಾಂತಿ ಎದ್ದಳು. ಸೌದೆಯ ರಾಶಿಯಲ್ಲಿ ಒಣಗಿದ ಎಡೆಮಟ್ಟೆಗಳಿದ್ದವು, ಹುಡುಗರು ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುತ್ತಾರಲ್ಲ, ತೆಂಗಿನ ಗರಿಯ ಬುಡದ ಆ ದಪ್ಪ ಮಟ್ಟೆ. ಒಂದನ್ನು ಆರಿಸಿಕೊಂಡಳು. ತೂಕ ನೋಡಿ ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಅಗುಳಿ ಕೂತ ಸದ್ದಿನ ಜೊತೆಗೇ ಮೊದಲ ಏಟು ಅವನ ಬಲ ಮೊಣಕೈಗೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವನು ತಿರುಗಿದ. ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಎಡಗೈಯನ್ನು ಮಚ್ಚಿಗೆ ಚಾಚಿದ. ಎರಡನೆಯದು ಆ ಕೈಯ ಬೆರಳುಗಳಿಗೆ ಬಿತ್ತು, ಮೂರನೆಯದು ಮೊಣಕಾಲಿಗೆ. ಕಾಯಿ ಸಿಪ್ಪೆಯ ರಾಶಿಯ ಮೇಲೆ ಬೋರಲು ಬಿದ್ದ.

ಅವಳು ನಿಲ್ಲಿಸಲಿಲ್ಲ. ತಲೆಗೆ ಹೊಡೆಯಲಿಲ್ಲ, ಅದನ್ನು ನಾನು ನೋಡಿದ್ದೇನೆ, ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಭುಜ, ತೊಡೆ, ಬೆನ್ನು, ಮತ್ತೆ ಭುಜ. ಏಟಿಗೊಂದು ಮಾತಿತ್ತು. "ಇದು ಹಲ್ಲಿಗೆ. ಇದು ನಾಯಿಗೆ. ಇದು ಹೊಟ್ಟೇಲಿ ಹೋತಲ್ಲ, ಆ ಕೂಸಿಗೆ." ಕೂಸಿನ ಸುದ್ದಿ ನನಗೆ ಗೊತ್ತಿರಲಿಲ್ಲ. ಆ ಮಾತಿಗೆ ಅವಳು ಒಂದೇ ಏಟಿಗೆ ನಿಲ್ಲಿಸಲಿಲ್ಲ. ಎಡೆಮಟ್ಟೆ ಸೀಳಿ ಎರಡಾಯಿತು, ಉಳಿದ ತುಂಡಿನಲ್ಲೇ ಹೊಡೆದಳು. ಅವನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡು ಕೆಂಪಾಯಿತು. ಮೊದಲು ಬೈದ, ಆಮೇಲೆ ಅವ್ವನನ್ನು ಕರೆದ, ಆಮೇಲೆ ಬರೀ ಕೂಗಿದ. ನನಗೆ ಖುಷಿಯಾಯಿತು. ನೋಡಬಾರದ್ದನ್ನು ನೋಡುತ್ತಿದ್ದೇನೆ ಎನಿಸಲಿಲ್ಲ, ಅಯ್ಯೋ ಎನಿಸಲಿಲ್ಲ. ಮೈತುಂಬ ಖುಷಿಯಾಯಿತು.

ಹೊರಗೆ ಗಂಡಸರು ತಗಡಿನ ಬಾಗಿಲನ್ನು ಬಡಿಯುತ್ತಿದ್ದರು. "ಓಬಮ್ಮ, ಬಾಗ್ಲು ತೆಗಿ. ನಿನ್ ಮಗನ್ನ ಸಾಯಿಸ್ತಾವ್ಳೆ."

ಮುದುಕಿ ಗೋಡೆ ಬಿಟ್ಟು ಬಾಗಿಲ ಹತ್ತಿರ ಹೋದಳು. "ಗಂಡ ಹೆಂಡ್ತಿ ವಿಚಾರ ಕಣ್ರಪ್ಪ. ನೀವ್ಯಾಕೆ ನಡುವೆ ಬರ್ತೀರಿ?" ಎಂದು, ಕೇಳದ ಕಿವಿಯನ್ನು ಬಾಗಿಲ ಕಡೆ ಮಾಡಿಕೊಂಡು ಅಲ್ಲೇ ಕೂತಳು. ಆದರೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಹೆತ್ತ ಹೊಟ್ಟೆ, ಉರಿಯದೆ ಇರುತ್ತದೆಯೇ? ಸ್ವಲ್ಪ ಹೊತ್ತಿನ ಮೇಲೆ ಕೂತಲ್ಲಿಂದಲೇ ಹೇಳಿದಳು. "ಸಾಕು ಮಗ. ಉಣ್ಣಾಕೆ ಒಂದು ಕೈ ಉಳಿಲಿ."

ಶಾಂತಿ ತುಂಡನ್ನು ಒಲೆಯ ಪಕ್ಕಕ್ಕೆ ಎಸೆದು, ಕುಪ್ಪಸದ ಗುಂಡಿ ಹಾಕಿಕೊಂಡಳು. ಅಷ್ಟು ಹೊತ್ತೂ ಅದು ಬಿಚ್ಚಿಯೇ ಇತ್ತು.

ಹಿರಿಯೂರಿನಲ್ಲಿ ಅವನಿಗೆ ಕಟ್ಟು ಹಾಕಿದರು. ಹೇಗಾಯಿತೆಂದು ಕೇಳಿದರೆ ಮರದಿಂದ ಬಿದ್ದೆ ಎಂದನಂತೆ. ಹಟ್ಟಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಜಗುಲಿಯ ಗಂಡಸರು ಸ್ವಲ್ಪ ದಿನ ತಂತಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು ಎಂದು ಹೆಂಗಸರು ನನಗೆ ಹೇಳಿದರು. ಶಾಂತಿಯ ಗುಂಡಿಗೆಯಲ್ಲಿ ಯಾವ ಕಾಯಿಲೆಯೂ ಇಲ್ಲ ಎಂದು ಡಾಕ್ಟರು ಹೇಳಿಕಳಿಸಿದರು. ಹೇಳಲು ಹೋದಾಗ ಅವಳು ಅಂಗಳ ಗುಡಿಸುತ್ತಿದ್ದಳು. "ಹಂಗಾರೆ ಬರೀ ಹೆದ್ರಿಕೆನೇ" ಎಂದು ಪೊರಕೆ ಆಡಿಸುತ್ತಲೇ ಹೇಳಿದಳು.

ತಿಂಗಳು ಕಳೆದಿರಬೇಕು. ಹಟ್ಟಿಯ ಸಮುದಾಯ ಭವನದಲ್ಲಿ ಚೀಲ ಹರಡಿಕೊಂಡು ಕೂತಿದ್ದೆ. ಬೆಳಗಿನಿಂದ ಇಬ್ಬರು ಹೆಂಗಸರು ಬಂದು ಹೋಗಿದ್ದರು. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದರೆ ಹನುಮೇಶ. ಬಲಗೈ ಪ್ಲಾಸ್ಟರಿನಲ್ಲಿ ಕೊರಳಿಗೆ ಜೋತುಬಿದ್ದಿತ್ತು. ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು. ಅವನು ಕಣ್ಣೆತ್ತಿ ನೋಡದೆ, ಕುಂಟಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತ. ಎಡಗೈಯ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ. ಅವುಗಳಲ್ಲೇ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಏನು?" ಎಂದೆ.

"ನಂಗೂ ಅದನ್ನ ಹಾಕ್ರಿ ಮೇಡಂ."

ಇಡೀ ಹೋಬಳಿಯಲ್ಲಿ ತಾನಾಗಿ ಮುಂದೆ ಬಂದ ಮೊದಲ ಗಂಡಸು ಇವನೇ.

"ಯಾಕೆ, ದಿನಾ ಹೊಡಿತಾಳಾ?"

"ಇಲ್ಲ. ಆವತ್ತಿಂದ ಒಂದ್ ಬೆರಳೂ ಮುಟ್ಟಿಲ್ಲ" ಎಂದ. ತುಟಿ ಒದ್ದೆ ಮಾಡಿಕೊಂಡ. "ಉಣ್ಣಾಕೆ ಇಡ್ತಾಳೆ. ಎದುರಿಗೆ ನಿಂತ್ಕಂತಾಳೆ. ನೋಡ್ತಾಳೆ. ಅಷ್ಟೆ. ನಿದ್ದೆ ಇಲ್ಲ ಮೇಡಂ. ಅವ್ಳ ಬಳೆ ಸದ್ದು ಕೇಳಿದ್ರೆ ಎದೆ ಬಾಯಿಗೆ ಬರ್ತೈತೆ."

ನನ್ನ ಬಾಯಿಗೆ ಬಂದ ಮಾತುಗಳು ಒಂದೆರಡಲ್ಲ. ಆಗುವುದಿಲ್ಲ ಎದ್ದು ಹೋಗು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಬೆಂಚಿನ ಮೇಲೆ ಕುಗ್ಗಿದ. ಬಾಗಿಲಲ್ಲಿ ಶಾಂತಿ ನಿಂತಿದ್ದಳು. ಹೊಲದಿಂದ ಬಂದವಳು, ಸೀರೆಯನ್ನು ಎತ್ತಿ ಸಿಕ್ಕಿಸಿದ್ದಳು. ಅವನ ಬಿಚ್ಚಿದ ಅಂಗಿಯನ್ನೂ ನನ್ನ ಮೇಜಿನ ಮೇಲಿದ್ದ ಯಂತ್ರವನ್ನೂ ನೋಡಿದಳು. ಎಲ್ಲ ಅರ್ಥವಾಯಿತು.

ಗಂಡಸರಿಗೆ ಯಂತ್ರ ಅಂಟಿಸಬೇಕಾದರೆ ಎದೆಯ ಕೂದಲು ಬೋಳಿಸಬೇಕು. ಏನು ಮಾಡಲಿ ಎಂಬಂತೆ ಅವಳ ಕಡೆ ನೋಡುತ್ತ ಬ್ಲೇಡು ಕೈಗೆ ತೆಗೆದುಕೊಂಡೆ.

"ಹಾಕ್ರಿ ಅಕ್ಕ" ಎಂದಳು ಶಾಂತಿ. "ಎರಡು ವಾರ ತಾನೆ. ಬಿಚ್ಚಾಕೂ ನೀವೇ ಬರ್ರಿ."

ಬ್ಲೇಡು ಇನ್ನೂ ಮುಟ್ಟಿರಲಿಲ್ಲ, ಹನುಮೇಶ ಕಣ್ಣು ಮುಚ್ಚಿಕೊಂಡ.